ಗೃಹಬಳಕೆಯ ಅನಿಲದ ಬಿಲ್ಲು

ಗೃಹಬಳಕೆಯ ಅನಿಲದ ಬಿಲ್ಲು: ಕೊಳವೆಯ ಮೂಲಕ ಅಡುಗೆಮನೆಗೆ ಹರಿದುಬರುವ ನೈಸರ್ಗಿಕ ಅನಿಲಕ್ಕಾಗಿ ಗೃಹಸ್ಥನು ತೆರಬೇಕಾದ ಹಣವನ್ನು ಬಾಬುವಾರು ವಿಂಗಡಿಸಿ ತೋರಿಸುವ ಲೆಕ್ಕಪತ್ರ. ಮೇಲುನೋಟಕ್ಕೆ ಇದು ಒಂದೇ ಮೊತ್ತವಾಗಿ ಕಂಡರೂ ಇದರೊಳಗೆ ಮೂರು ಲೆಕ್ಕಗಳು ಸೇರಿಕೊಂಡಿವೆ: ಉರಿದುಹೋದ ಅನಿಲದ ಬೆಲೆ ಒಂದು, ಒಲೆ ಉರಿಯಲಿ ಉರಿಯದಿರಲಿ, ಕೊಳವೆಯನ್ನೂ ಮೀಟರನ್ನೂ ಮನೆಯ ಗೋಡೆಯವರೆಗೆ ತಂದು ಸದಾ ಸಜ್ಜಾಗಿರಿಸಿದ್ದಕ್ಕೆ ತೆರುವ ಶುಲ್ಕ ಇನ್ನೊಂದು, ಈ ಎರಡರ ಮೇಲೂ ಬೇರೆ ಬೇರೆ ಶಾಸನಗಳಿಗನುಸಾರವಾಗಿ ಬೀಳುವ ತೆರಿಗೆ ಮೂರನೆಯದು. ಇವುಗಳಲ್ಲಿ ಮೊದಲನೆಯದೇ ಮುಖ್ಯವಾದದ್ದು, ಮತ್ತು ಅದೇ ಹೆಚ್ಚು ಜಟಿಲವಾದದ್ದು. ಏಕೆಂದರೆ ಅನ್ನ ಬೇಯಿಸುವವರಿಗೆ ಬೇಕಾದದ್ದು ಉಷ್ಣ. ಮೀಟರು ಅಳೆಯಬಲ್ಲದ್ದು ಅನಿಲದ ಗಾತ್ರವನ್ನು ಮಾತ್ರ. ಗಾತ್ರವನ್ನಳೆದು ಉಷ್ಣವನ್ನು ಮಾರುವ ಈ ವ್ಯವಹಾರದ ಸೂಕ್ಷ್ಮವನ್ನು ಅರಿತವನಿಗೆ ಬಿಲ್ಲಿನ ಉಳಿದ ಸಾಲುಗಳು ಬಹುಮಟ್ಟಿಗೆ ತಾವಾಗಿಯೇ ತಿಳಿಯುತ್ತವೆ.

ಈ ಬಿಲ್ಲನ್ನು ವಿವರಿಸಲು ಕುದಾಪುರವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅದು ಚಿತ್ರದುರ್ಗ ಜಿಲ್ಲೆಯಲ್ಲಿ ನಾಯಕನಹಟ್ಟಿಗೆ ಸಮೀಪವಾಗಿರುವ ಗ್ರಾಮ. ಕಂದಾಯದ ಲೆಕ್ಕದಲ್ಲಿ ಚಳ್ಳಕೆರೆ ತಾಲ್ಲೂಕಿಗೆ ಸೇರಿದ್ದು, ವಿಧಾನಸಭೆಯ ಚುನಾವಣೆಯ ಲೆಕ್ಕದಲ್ಲಿ ಮೊಳಕಾಲ್ಮೂರು ಕ್ಷೇತ್ರಕ್ಕೆ ಸೇರಿದ ಸೀಮೆ. ಅಮೃತಮಹಲ್ ರಾಸುಗಳ ಕಾವಲುಗಳಿಂದ ಹೆಸರಾಗಿದ್ದ ಈ ಹುಲ್ಲುಬಯಲಿನಲ್ಲಿ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವು ಸುಮಾರು 1500 ಎಕರೆಗಳಷ್ಟು ಹರಡಿಕೊಂಡಿದೆ. ಬಳ್ಳಾರಿ ಜಾಲಿಯ ಸೌದೆ, ತೊಗರಿಕಟ್ಟಿಗೆ, ಬೆರಣಿ, ಇವು ಈ ಭಾಗದ ಒಲೆಗಳ ಹಳೆಯ ಆಹಾರ. ಇವುಗಳಿಗೆ ಬಿಲ್ಲಿಲ್ಲ, ತೆರಿಗೆಯಿಲ್ಲ, ಹೊತ್ತು ತಂದವರ ಬೆನ್ನುನೋವು ಯಾವ ಲೆಕ್ಕದಲ್ಲಿಯೂ ದಾಖಲಾದದ್ದಿಲ್ಲ. ಅನಂತರ ಬಂದದ್ದು ಸಿಲಿಂಡರು. ಇಲ್ಲಿಯ ಸಾಮಾನ್ಯ ಗೃಹಸ್ಥನಿಗೆ ಪರಿಚಿತವಾದ ಅನಿಲದ ಲೆಕ್ಕಪತ್ರವೆಂದರೆ ಸಿಲಿಂಡರಿನೊಡನೆ ಕೈಸೇರುವ ರಸೀದಿಯೇ ಆಗಿರುವುದರಿಂದ, ಕೊಳವೆಯ ಅನಿಲದ ಬಿಲ್ಲನ್ನು ವಿವರಿಸುವವನು ಆ ರಸೀದಿಯಿಂದಲೇ ಆರಂಭಿಸುವುದು ಉಚಿತ.

ಸಿಲಿಂಡರಿನಲ್ಲಿರುವುದು ನೈಸರ್ಗಿಕ ಅನಿಲವಲ್ಲ. ಒತ್ತಡದಿಂದ ದ್ರವರೂಪಕ್ಕೆ ತಂದ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ, ಎಂದರೆ ಎಲ್‌ಪಿಜಿ. ಅದನ್ನು ಮಾರುವುದು ತೂಕದಿಂದ, ಮನೆಬಳಕೆಯ ಸಿಲಿಂಡರೊಂದಕ್ಕೆ 14.2 ಕಿಲೋಗ್ರಾಮ್. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲ್ಭಾಗದಲ್ಲಿಯೇ ಬರೆದಿರುತ್ತಾರೆ. ತುಂಬಿದ್ದನ್ನು ತಕ್ಕಡಿಗಿಟ್ಟು ಆ ಅಂಕಿಯನ್ನು ಕಳೆದರೆ ಒಳಗಿನ ಸರಕು ಎಷ್ಟೆಂಬುದು ಯಾರಿಗಾದರೂ ತಿಳಿಯುವಂತಿದೆ. ರಸೀದಿಯಲ್ಲಿ ಮೂಲಬೆಲೆ ಒಂದು ಸಾಲು. ಕೇಂದ್ರ ಮತ್ತು ರಾಜ್ಯಗಳ ಪಾಲಿನ ಸರಕು ಸೇವಾ ತೆರಿಗೆ ತಲಾ ಶೇಕಡಾ 2.5ರಂತೆ ಎರಡು ಸಾಲು, ಅಲ್ಲಿಗೆ ಮುಗಿಯಿತು. ಸಾಗಣೆ, ತುಂಬಿಸುವ ಖರ್ಚು, ವಿತರಕನ ಕಮಿಷನ್ನು, ಮನೆಗೆ ತಲುಪಿಸುವ ಕೂಲಿ ಇವೆಲ್ಲವೂ ಮೂಲಬೆಲೆಯೊಳಗೆ ಕರಗಿಹೋಗಿರುತ್ತವೆ. ತಲುಪಿಸುವ ಕೂಲಿ ಬೆಲೆಯಲ್ಲಿಯೇ ಸೇರಿದೆಯೆಂಬುದು ಹಳ್ಳಿಗಾಡಿನಲ್ಲಿ ಅನೇಕರಿಗೆ ತಿಳಿಯದು. ರಸೀದಿಯಲ್ಲಿಲ್ಲದ ಇಪ್ಪತ್ತೋ ಮೂವತ್ತೋ ರೂಪಾಯಿ ಬಾಗಿಲಲ್ಲಿ ಕೈಬದಲಾಗುವ ಪದ್ಧತಿ ಇದರಿಂದಲೇ ಬೇರೂರಿದ್ದು. ಗೋದಾಮಿಗೆ ತಾನೇ ಹೋಗಿ ಸಿಲಿಂಡರನ್ನು ತರುವವನಿಗೆ ಆ ಕೂಲಿಯ ಮೊತ್ತವನ್ನು ಬೆಲೆಯಲ್ಲಿ ಕಳೆದುಕೊಡಬೇಕೆಂಬುದು ನಿಯಮ. ಸಹಾಯಧನವಾದರೋ ರಸೀದಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. 2015ರ ಜನವರಿಯಿಂದ ದೇಶದಾದ್ಯಂತ ಅದು ಗ್ರಾಹಕನ ಬ್ಯಾಂಕಿನ ಖಾತೆಗೆ ಪ್ರತ್ಯೇಕವಾಗಿ ಸೇರುವ ವ್ಯವಸ್ಥೆಯಾಯಿತು, ಮತ್ತು ಈಚಿನ ವರ್ಷಗಳಲ್ಲಿ ಅದು ಬಹುಮಟ್ಟಿಗೆ ಉಜ್ವಲಾ ಯೋಜನೆಯ ಫಲಾನುಭವಿಗಳಿಗೆ ಸೀಮಿತವಾಗಿದೆ. ಹೀಗೆ ಸಿಲಿಂಡರಿನ ರಸೀದಿಯು ಸರಳವಾಗಿರುವುದು ಅದು ಬಹಳಷ್ಟನ್ನು ಮರೆಮಾಡುವುದರಿಂದ. ಕೊಳವೆಯ ಬಿಲ್ಲು ಕಠಿನವಾಗಿ ತೋರುವುದು ಅದು ತಕ್ಕಮಟ್ಟಿಗೆ ಒಳಗನ್ನು ಬಿಚ್ಚಿ ತೋರಿಸುವುದರಿಂದ.

ಭಾರತದಲ್ಲಿ ಕೊಳವೆಯ ಅನಿಲದ ವಿತರಣೆಯನ್ನು ನಿಯಂತ್ರಿಸುವುದು 2006ರ ಅಧಿನಿಯಮದ ಮೇರೆಗೆ ಸ್ಥಾಪಿತವಾದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ. ಈ ಮಂಡಳಿಯು ದೇಶವನ್ನು ಭೌಗೋಳಿಕ ಪ್ರದೇಶಗಳಾಗಿ ವಿಭಾಗಿಸಿ, ಒಂದೊಂದನ್ನೂ ಹರಾಜಿನ ಮೂಲಕ ಒಂದೊಂದು ಕಂಪನಿಗೆ ವಹಿಸುತ್ತದೆ. ಬೆಂಗಳೂರು ಗೇಲ್ ಗ್ಯಾಸ್ ಸಂಸ್ಥೆಯ ಪಾಲಿಗೆ ಬಂದಿತು. ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳೆರಡನ್ನೂ ಒಂದೇ ಪ್ರದೇಶವಾಗಿ ಮಾಡಿ 2018ರ ಒಂಬತ್ತನೆಯ ಸುತ್ತಿನಲ್ಲಿ ಯೂನಿಸನ್ ಎನ್ವಿರೊ ಎಂಬ ಕಂಪನಿಗೆ ಕೊಡಲಾಯಿತು. 2024ರಲ್ಲಿ ಮುಂಬಯಿಯ ಮಹಾನಗರ್ ಗ್ಯಾಸ್ ಸಂಸ್ಥೆಯು ಆ ಕಂಪನಿಯನ್ನೇ ಕೊಂಡುಕೊಂಡಿತು. ಕುದಾಪುರದ ನೆಲವೂ ಈ ಪ್ರದೇಶದ ಎಲ್ಲೆಯೊಳಗೇ ಇದೆ. ಮಹಾರಾಷ್ಟ್ರದ ದಾಭೋಳದಿಂದ ಹೊರಟು ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಜಿಲ್ಲೆಗಳನ್ನು ಹಾಯ್ದು ಬೆಂಗಳೂರನ್ನು ಸೇರುವ ಸುಮಾರು 1000 ಕಿಲೋಮೀಟರುಗಳ ಮಹಾಕೊಳವೆ 2013ರಲ್ಲಿ ಕಾರ್ಯಾರಂಭ ಮಾಡಿತು; ಮಧ್ಯ ಕರ್ನಾಟಕದಲ್ಲಿ ಮನೆಮನೆಯ ಅನಿಲದ ಮಾತು ಹುಟ್ಟಿಕೊಂಡದ್ದು ಈ ಕೊಳವೆ ಬಂದ ಮೇಲೆಯೇ.

ಅನಿಲವನ್ನು ಅಳೆದು ಮಾರುವ ಕಲೆ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ರೂಪುಗೊಂಡಿತು. ಕಲ್ಲಿದ್ದಲಿನಿಂದ ತೆಗೆದ ಅನಿಲವು ದೀಪಗಳಲ್ಲಿ ಉರಿಯುತ್ತಿದ್ದ ಆ ಕಾಲದಲ್ಲಿ ಮೊದಮೊದಲು ದೀಪಗಳ ಸಂಖ್ಯೆಯನ್ನೂ ಅವು ಉರಿಯುವ ಗಂಟೆಗಳನ್ನೂ ಎಣಿಸಿ ಹಣ ವಸೂಲು ಮಾಡುತ್ತಿದ್ದರು. ಗಂಟೆ ಮೀರಿ ದೀಪ ಉರಿಸುವವರನ್ನು ಹಿಡಿಯುವುದೇ ಕಂಪನಿಗಳಿಗೆ ದೊಡ್ಡ ತಲೆನೋವಾಗಿತ್ತು. ಸ್ಯಾಮ್ಯುಯಲ್ ಕ್ಲೆಗ್ ಎಂಬ ಎಂಜಿನಿಯರು 1815ರ ಸುಮಾರಿನಲ್ಲಿ ನೀರನ್ನು ಬಳಸುವ ಅನಿಲಮಾಪಕವನ್ನು ರಚಿಸಿದನು. 1840ರ ದಶಕದಲ್ಲಿ ನೀರಿನ ಹಂಗಿಲ್ಲದ ಮಾಪಕಗಳು ಬಳಕೆಗೆ ಬಂದವು. ಕಲ್ಕತ್ತೆಯಲ್ಲಿ 1853ರಲ್ಲಿ ಓರಿಯಂಟಲ್ ಗ್ಯಾಸ್ ಕಂಪನಿ ಸ್ಥಾಪಿತವಾಗಿ ಬೀದಿಗಳಲ್ಲಿ ಅನಿಲದ ದೀಪಗಳು ಬೆಳಗಿದವು. ಮೈಸೂರು ಸಂಸ್ಥಾನದ ಹಾದಿಯೇ ಬೇರೆಯಾಯಿತು: ಬೆಂಗಳೂರು ಸೀಮೆಎಣ್ಣೆಯ ಬೀದಿದೀಪಗಳಿಂದ 1905ರಲ್ಲಿ ನೇರವಾಗಿ ಶಿವನಸಮುದ್ರದ ವಿದ್ಯುತ್ತಿಗೆ ಜಿಗಿದದ್ದರಿಂದ, ನಮ್ಮಲ್ಲಿ ವಿದ್ಯುತ್ತಿನ ಮೀಟರು ಓದಬಲ್ಲ ಅಜ್ಜಂದಿರು ಇದ್ದರೂ ಅನಿಲದ ಮೀಟರು ಓದುವ ರೂಢಿ ಈ ತಲೆಮಾರಿನಲ್ಲಷ್ಟೇ ಆರಂಭವಾಗಿದೆ.

ಮನೆಯ ಮೀಟರಿನ ಒಳಗೆ ತೆಳುಪೊರೆಯ ಎರಡು ಚೀಲಗಳು ಕುಲುಮೆಯ ತಿದಿಯಂತೆ ಸರದಿಯಲ್ಲಿ ಉಬ್ಬುತ್ತ ಕುಗ್ಗುತ್ತ ಇರುತ್ತವೆ. ಒಂದೊಂದು ಉಬ್ಬರಕ್ಕೂ ಇಂತಿಷ್ಟು ಗಾತ್ರದ ಅನಿಲವು ದಾಟುತ್ತದೆ. ಹಲ್ಲುಗಾಲಿಗಳು ಆ ಉಬ್ಬರಗಳನ್ನು ಎಣಿಸಿ ಮುಂಭಾಗದ ಅಂಕಿಗಳನ್ನು ತಿರುಗಿಸುತ್ತವೆ. ಒಲೆಯನ್ನು ಹೊತ್ತಿಸಿ ಮೀಟರಿನ ಎದುರು ಒಂದು ಗಳಿಗೆ ನಿಂತರೆ ಬಲತುದಿಯ ಅಂಕಿ ಮೆಲ್ಲಮೆಲ್ಲನೆ ಮೇಲೇರುವುದು ಕಾಣುತ್ತದೆ. ಎಲ್ಲ ಬರ್ನರುಗಳನ್ನೂ ಆರಿಸಿದ ಮೇಲೂ ಅದು ಚಲಿಸುತ್ತಿದ್ದರೆ ಎಲ್ಲಿಯೋ ಸೋರಿಕೆಯಿದೆಯೆಂದೇ ಅರ್ಥ, ಆಗ ಬಿಲ್ಲಿನ ಚಿಂತೆಯನ್ನು ಬಿಟ್ಟು ಮೀಟರಿನ ಬಳಿಯ ಕವಾಟವನ್ನು ಮುಚ್ಚಿ, ಕಿಟಕಿಗಳನ್ನು ತೆರೆದು, ತುರ್ತುಸಂಖ್ಯೆಗೆ ಕರೆಮಾಡತಕ್ಕದ್ದು. ಕಪ್ಪು ಹಿನ್ನೆಲೆಯ ಅಂಕಿಗಳು ಪೂರ್ಣ ಘನಮೀಟರುಗಳನ್ನೂ ಕೆಂಪು ಗುರುತಿನ ಕೊನೆಯ ಮೂರು ಅಂಕಿಗಳು ಘನಮೀಟರಿನ ದಶಾಂಶಗಳನ್ನೂ ಸೂಚಿಸುತ್ತವೆ. ಕೆಂಪು ಅಂಕಿಗಳನ್ನೂ ಸೇರಿಸಿ ಒಂದೇ ಪೂರ್ಣಸಂಖ್ಯೆಯೆಂದು ಓದಿದವನು 438.914 ಎಂಬುದನ್ನು 4,38,914 ಎಂದು ಬರೆದುಕಳುಹಿಸಿ ದಿಗಿಲುಬೀಳುವಂಥ ಬಿಲ್ಲನ್ನು ತರಿಸಿಕೊಳ್ಳುವುದುಂಟು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಇದರ ದರಗಳು ಲೆಕ್ಕದ ಅನುಕೂಲಕ್ಕಾಗಿ ಭಾವಿಸಿಕೊಂಡವು. ಎರಡು ತಿಂಗಳ ಅವಧಿಯ ಬಿಲ್ಲಿನಲ್ಲಿ ಹಿಂದಿನ ಓದು 412.386, ಈಗಿನ ಓದು 438.914 ಎಂದಿದ್ದರೆ ಬಳಕೆಯಾದ ಗಾತ್ರ 26.528 ಘನಮೀಟರು. ದರವು ಘನಮೀಟರಿಗೆ 50 ರೂಪಾಯಿಯಾದರೆ ಅನಿಲದ ಬೆಲೆ 1326.40 ರೂಪಾಯಿ. ಆದರೆ ಬಿಲ್ಲಿನಲ್ಲಿ ಘನಮೀಟರೆಂದು ಬರೆದಿರುವುದಿಲ್ಲ, ಎಸ್‌ಸಿಎಂ ಎಂದಿರುತ್ತದೆ. ಪ್ರಮಾಣಿತ ಘನಮೀಟರೆಂದು ಅದರ ಅಭಿಪ್ರಾಯ. ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ಮತ್ತು ಒತ್ತಡ 1013.25 ಮಿಲಿಬಾರ್ ಇರುವಾಗ ಒಂದು ಘನಮೀಟರನ್ನು ತುಂಬುವ ಅನಿಲವೇ ಒಂದು ಎಸ್‌ಸಿಎಂ. ಅನಿಲವು ಕಾದರೆ ಹಿಗ್ಗುವುದು, ಒತ್ತಡ ತಗ್ಗಿದರೆ ಹರಡುವುದು. ಆದುದರಿಂದ ಬಿಸಿಲುಸೀಮೆಯ ಎತ್ತರದ ಊರಿನಲ್ಲಿ ಮೀಟರು ಎಣಿಸಿದ ಒಂದು ಘನಮೀಟರಿನೊಳಗೆ ಒಂದು ಪ್ರಮಾಣಿತ ಘನಮೀಟರಿನಷ್ಟು ಸರಕು ಇರುವುದು ಸಾಧ್ಯವಿಲ್ಲ.

ಕುದಾಪುರದ ಸೀಮೆಯನ್ನೇ ಇಟ್ಟುಕೊಂಡು ಈ ವ್ಯತ್ಯಾಸವನ್ನು ಗುಣಿಸಿ ನೋಡೋಣ. ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿ ವಾಯುಭಾರವು ಹೆಚ್ಚುಕಡಮೆ 943 ಮಿಲಿಬಾರ್. ಮನೆಯ ಮೀಟರಿಗೆ ಅನಿಲವು ಬರುವುದು ಅದಕ್ಕಿಂತ 21 ಮಿಲಿಬಾರ್ ಹೆಚ್ಚಿನ ಒತ್ತಡದಲ್ಲಿ, ಒಟ್ಟು 964. ಇದನ್ನು 1013.25ರಿಂದ ಭಾಗಿಸಿದರೆ 0.951. ಮೀಟರಿನೊಳಗಿನ ಅನಿಲದ ಉಷ್ಣತೆ 30 ಡಿಗ್ರಿಯೆಂದು ಹಿಡಿದರೆ ಉಷ್ಣತೆಯ ಗುಣಕವೂ ಹೆಚ್ಚುಕಡಮೆ ಅಷ್ಟೇ, 0.951. ಎರಡನ್ನೂ ಗುಣಿಸಿದಾಗ ಬರುವುದು 0.904. ಎಂದರೆ ಮೀಟರಿನ ನೂರು ಘನಮೀಟರುಗಳು ನಿಜವಾಗಿ ತೊಂಬತ್ತು ಚಿಲ್ಲರೆ ಎಸ್‌ಸಿಎಂಗಳಿಗೆ ಸಮ. ಮೇಲಿನ ಉದಾಹರಣೆಯ 26.528 ಘನಮೀಟರು ಸುಮಾರು 24 ಎಸ್‌ಸಿಎಂ ಆಗಿ, 50 ರೂಪಾಯಿಯ ದರದಲ್ಲಿ 1326 ರೂಪಾಯಿಯ ಸ್ಥಾನದಲ್ಲಿ 1200 ರೂಪಾಯಿಯಷ್ಟು ಬೆಲೆಯಾಗುತ್ತದೆ. ಕಾರ್ಖಾನೆಗಳ ಮೀಟರಿಗೆ ಒತ್ತಡವನ್ನೂ ಉಷ್ಣತೆಯನ್ನೂ ಕ್ಷಣಕ್ಷಣಕ್ಕೂ ಗಮನಿಸಿ ಗಾತ್ರವನ್ನು ತಿದ್ದುವ ವಿದ್ಯುನ್ಮಾನ ಉಪಕರಣವನ್ನು ಜೋಡಿಸುತ್ತಾರೆ. ಮನೆಯ ತಿದಿಮೀಟರಿಗೆ ಅಂಥ ಉಪಕರಣವನ್ನು ಹಾಕಿದರೆ ಅದರ ಖರ್ಚೇ ಉಳಿತಾಯವನ್ನು ನುಂಗೀತು. ಆದಕಾರಣ ಮನೆಯ ಬಿಲ್ಲಿನಲ್ಲಿ ತಿದ್ದುಪಡಿಯನ್ನು ಒಂದು ಸ್ಥಿರಗುಣಕದಿಂದ ಮಾಡಬಹುದು, ಇಲ್ಲವೆ ಮಾಡದೆಯೇ ಮೀಟರಿನ ಅಂಕಿಯನ್ನು ಎಸ್‌ಸಿಎಂ ಎಂದು ಎಣಿಸಿಬಿಡಬಹುದು. ಬಿಲ್ಲನ್ನು ಕೈಗೆತ್ತಿಕೊಂಡವನು ಎರಡು ಓದುಗಳ ವ್ಯತ್ಯಾಸವನ್ನು ಬಳಕೆಯ ಅಂಕಿಯೊಡನೆ ಹೋಲಿಸಿ ನೋಡಿದರೆ ಯಾವ ಪದ್ಧತಿಯೆಂಬುದು ಕೂಡಲೆ ಹೊರಬೀಳುತ್ತದೆ. ಎರಡೂ ಅಂಕಿಗಳು ಒಂದೇ ಆಗಿದ್ದರೆ ತಿದ್ದುಪಡಿಯಿಲ್ಲವೆಂದು ತಿಳಿಯಬೇಕು. ಅದರ ಬಗೆಗೆ ವಿತರಕನನ್ನು ಕೇಳುವುದು ಗ್ರಾಹಕನಿಗೆ ಸಲ್ಲುವ ಪ್ರಶ್ನೆ. ಪ್ರಶ್ನೆಯನ್ನು ಕೇಳುವವರು ವಿರಳ.

ಗಾತ್ರವನ್ನು ಸರಿಪಡಿಸಿದ ಮೇಲೂ ಉಷ್ಣದ ಪ್ರಶ್ನೆ ಉಳಿದೇ ಇರುತ್ತದೆ. ನೈಸರ್ಗಿಕ ಅನಿಲದಲ್ಲಿ ಮುಖ್ಯಾಂಶ ಮೀಥೇನ್. ಅದರೊಡನೆ ಈಥೇನ್ ಮೊದಲಾದವು ಎಷ್ಟು ಬೆರೆತಿವೆಯೆಂಬುದರ ಮೇಲೆ ಒಂದು ಎಸ್‌ಸಿಎಂ ಉರಿದಾಗ ಹೊರಡುವ ಉಷ್ಣವು ಬದಲಾಗುತ್ತದೆ. ಲೆಕ್ಕಕ್ಕೆ 9300 ಕಿಲೋಕ್ಯಾಲರಿಯೆಂದು ಹಿಡಿಯಬಹುದು. ಎಲ್‌ಪಿಜಿಯ ಒಂದು ಕಿಲೋಗ್ರಾಮಿನಿಂದ ದೊರೆಯುವುದು ಸುಮಾರು 11,900 ಕಿಲೋಕ್ಯಾಲರಿ. ಒಂದು ಸಿಲಿಂಡರಿನಿಂದ ಸುಮಾರು 1,69,000. ಭಾಗಿಸಿದರೆ ಒಂದು ಸಿಲಿಂಡರು ಹೆಚ್ಚುಕಡಮೆ 18 ಎಸ್‌ಸಿಎಂಗೆ ಸಮನಾಯಿತು. ಊರಿಗೆ ಕೊಳವೆ ಬಂದಾಗ ಲಾಭವೋ ನಷ್ಟವೋ ಎಂದು ತೂಗುವವನಿಗೆ ಇದೊಂದು ಅಂಕಿ ಸಾಕು: ಸಿಲಿಂಡರಿಗೆ ತಾನು ನಿಜವಾಗಿ ಕೊಡುತ್ತಿರುವ ಹಣವನ್ನು, ಬಾಗಿಲಲ್ಲಿ ಕೊಟ್ಟದ್ದನ್ನೂ ಸೇರಿಸಿ, 18ರಿಂದ ಭಾಗಿಸಿ, ಬಂದ ಮೊತ್ತವನ್ನು ತೆರಿಗೆ ಕೂಡಿದ ಎಸ್‌ಸಿಎಂ ದರದೊಡನೆ ಇಟ್ಟು ನೋಡತಕ್ಕದ್ದು. ಸಹಾಯಧನ ಪಡೆಯುವ ಮನೆಯಾದರೆ ಅದನ್ನು ಮೊದಲೇ ಕಳೆಯಬೇಕು; ಆಗ ಫಲಿತಾಂಶ ತಿರುಗಿಬಿದ್ದರೂ ಆಶ್ಚರ್ಯವಿಲ್ಲ.

ಹೊರದೇಶಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಈ ವಿಷಯದಲ್ಲಿ ನಮಗಿಂತ ನೇರವಾದ ಬಿಲ್ಲುಗಳನ್ನು ಪಡೆಯುತ್ತವೆ. ಬ್ರಿಟನ್ನಿನಲ್ಲಿ ಮೀಟರಿನ ಘನಮೀಟರನ್ನು ಮೊದಲು 1.02264 ಎಂಬ ಗುಣಕದಿಂದ ತಿದ್ದಿ, ಆ ಅವಧಿಯ ಅನಿಲದ ಉಷ್ಣಮೌಲ್ಯದಿಂದ ಗುಣಿಸಿ, 3.6ರಿಂದ ಭಾಗಿಸಿ, ಬಂದ ಕಿಲೋವ್ಯಾಟ್ ಗಂಟೆಗಳಿಗೆ ದರ ಹಾಕುತ್ತಾರೆ. ಒಂದು ಘನಮೀಟರು ಸುಮಾರು ಹನ್ನೊಂದು ಕಿಲೋವ್ಯಾಟ್ ಗಂಟೆಯಾಗುತ್ತದೆ, ಅನಿಲ ಮತ್ತು ವಿದ್ಯುತ್ತುಗಳೆರಡನ್ನೂ ಒಂದೇ ಮಾನದಲ್ಲಿ ಹೋಲಿಸುವುದು ಸುಲಭವಾಗುತ್ತದೆ. ಕ್ಯಾಲಿಫೋರ್ನಿಯದಲ್ಲಿ ಥರ್ಮ್ ಎಂಬ ಮಾನವಿದೆ. ಒಂದು ಥರ್ಮ್ ಎಂದರೆ ಒಂದು ಲಕ್ಷ ಬ್ರಿಟಿಷ್ ಉಷ್ಣಮಾನ, ನಮ್ಮ ಲೆಕ್ಕದಲ್ಲಿ ಸುಮಾರು 2.7 ಎಸ್‌ಸಿಎಂ. ಅಲ್ಲಿ ಚಳಿಗಾಲದಲ್ಲಿ ಮನೆಯನ್ನೇ ಕಾಯಿಸಬೇಕಾದ್ದರಿಂದ ಬಿಲ್ಲು ಋತುವಿಗನುಸಾರವಾಗಿ ಏರುತ್ತದೆ. ನಮ್ಮಲ್ಲಿ ಅದು ಏರುವುದು ಹಬ್ಬಕ್ಕೆ, ಮದುವೆಯ ನೆಂಟರಿಗೆ.

ಇನ್ನು ಎಸ್‌ಸಿಎಂ ಒಂದರ ದರವು ಹೇಗೆ ಕಟ್ಟಲ್ಪಡುತ್ತದೆಂಬುದು ವಿಚಾರಾರ್ಹ. ದೇಶದ ಹಳೆಯ ಬಾವಿಗಳಿಂದ ಬರುವ ಅನಿಲದ ಬೆಲೆಯನ್ನು ಸರಕಾರವೇ ನಿರ್ಣಯಿಸುತ್ತದೆ, ಮತ್ತು ಮನೆಬಳಕೆಗೆ ಈ ಅನಿಲವನ್ನು ಆದ್ಯತೆಯಿಂದ ಹಂಚಲಾಗುತ್ತದೆ. ಕಿರೀಟ್ ಪಾರಿಖ್ ಸಮಿತಿಯ ವರದಿಯ ತರುವಾಯ 2023ರ ಏಪ್ರಿಲಿನಲ್ಲಿ ಈ ಬೆಲೆಯನ್ನು ಭಾರತವು ಕೊಳ್ಳುವ ಕಚ್ಚಾತೈಲದ ಸರಾಸರಿ ಬೆಲೆಯ ಶೇಕಡಾ 10ಕ್ಕೆ ಕಟ್ಟಿ, ಹತ್ತು ಲಕ್ಷ ಬ್ರಿಟಿಷ್ ಉಷ್ಣಮಾನಕ್ಕೆ 4 ಡಾಲರಿಗಿಂತ ಕಡಮೆಯಾಗದಂತೆ, 6.5 ಡಾಲರಿಗಿಂತ ಹೆಚ್ಚಾಗದಂತೆ ಮಿತಿ ಹಾಕಲಾಯಿತು. 2025ರ ಏಪ್ರಿಲಿನಿಂದ ಮೇಲಿನ ಮಿತಿ 6.75 ಡಾಲರಾಯಿತು. ಗಮನಿಸಬೇಕಾದದ್ದೇನೆಂದರೆ, ಬಾವಿಯ ಬಳಿ ವ್ಯಾಪಾರ ನಡೆಯುವುದು ಉಷ್ಣದ ಮಾನದಲ್ಲಿ. ಗಾತ್ರದ ಮಾನ ತಲೆಹಾಕುವುದು ಮನೆಯ ಬಾಗಿಲಲ್ಲಿ ಮಾತ್ರ. ಹತ್ತು ಲಕ್ಷ ಉಷ್ಣಮಾನವೆಂದರೆ ಸುಮಾರು 27 ಎಸ್‌ಸಿಎಂ. ಡಾಲರಿಗೆ 83 ರೂಪಾಯಿಯಂತೆ 6.5 ಡಾಲರೆಂದರೆ 540 ರೂಪಾಯಿ, ಅದನ್ನು 27ರಿಂದ ಭಾಗಿಸಿದರೆ ಎಸ್‌ಸಿಎಂಗೆ 20 ರೂಪಾಯಿ. ಬಿಲ್ಲಿನಲ್ಲಿ ಕಾಣುವ ದರ ಇದಕ್ಕಿಂತ ಎಷ್ಟು ಹೆಚ್ಚೋ ಅಷ್ಟೂ ಬಾವಿಯಿಂದ ಒಲೆಯವರೆಗಿನ ಹಾದಿಯ ಖರ್ಚು ಮತ್ತು ಲಾಭ.

ಆ ಹಾದಿಯಲ್ಲಿ ಮೊದಲು ಬರುವುದು ಮಹಾಕೊಳವೆಯ ಸಾಗಣೆದರ. 2023ರ ಏಪ್ರಿಲಿನಿಂದ ಬಹುತೇಕ ಮಹಾಕೊಳವೆಗಳನ್ನು ಒಂದೇ ಜಾಲವೆಂದು ಎಣಿಸಿ ಅನಿಲದ ಆಕರದಿಂದ 300 ಕಿಲೋಮೀಟರಿನ ಒಳಗೆ, 1200ರ ಒಳಗೆ, ಅದಕ್ಕೂ ಆಚೆ ಎಂದು ಮೂರು ವಲಯಗಳಲ್ಲಿ ಏಕೀಕೃತ ದರವನ್ನು ವಿಧಿಸಲಾಯಿತು. ಸಮುದ್ರತೀರದಿಂದ ದೂರವಾದ ಒಳನಾಡಿನ ಜಿಲ್ಲೆಗಳ ಮೇಲೆ ದೂರದ ಹೊರೆ ಪೂರ್ತಿಯಾಗಿ ಬೀಳದಿರಲೆಂಬುದು ಇದರ ಉದ್ದೇಶ. ಅನಂತರ ನಗರದ್ವಾರದ ನಿಲ್ದಾಣದಲ್ಲಿ ಒತ್ತಡವನ್ನು ತಗ್ಗಿಸಿ, ವಾಸನೆಯೇ ಇಲ್ಲದ ಅನಿಲಕ್ಕೆ ಸೋರಿಕೆ ತಿಳಿಯಲೆಂದು ಮರ್ಕ್ಯಾಪ್ಟನ್ ಎಂಬ ದುರ್ಗಂಧದ್ರವ್ಯವನ್ನು ಬೆರೆಸಿ, ಉಕ್ಕಿನ ಕೊಳವೆಗಳಿಂದ ಹಳದಿಯ ಪಾಲಿಥೀನ್ ಕೊಳವೆಗಳಿಗೂ ಅಲ್ಲಿಂದ ಗೋಡೆಯ ಕಬ್ಬಿಣದ ಕೊಳವೆಗೂ ಹಾಯಿಸುವ ಕಂಪನಿಯ ಖರ್ಚು. ಮನೆಗಳು ಒತ್ತೊತ್ತಾಗಿರುವ ಬಡಾವಣೆಯಲ್ಲಿ ಒಂದು ಕಿಲೋಮೀಟರು ಕೊಳವೆ ನೂರಾರು ಮನೆಗಳಿಗೆ ಸಾಲುತ್ತದೆ. ಹೊಲಗಳ ನಡುವೆ ಊರಿಂದೂರಿಗೆ ಹರಿದಾರಿ ದೂರವಿರುವ ಚಳ್ಳಕೆರೆ ಮೊಳಕಾಲ್ಮೂರುಗಳಂಥ ಸೀಮೆಯಲ್ಲಿ ಅದೇ ಖರ್ಚು ಕೆಲವೇ ಮನೆಗಳ ಮೇಲೆ ಹಂಚಿಕೆಯಾಗಬೇಕು. ಕೊಳವೆಯು ಪಟ್ಟಣವನ್ನು ಮೊದಲು ಹುಡುಕುವುದಕ್ಕೂ ಹಳ್ಳಿಗೆ ನಿಧಾನವಾಗಿ ಬರುವುದಕ್ಕೂ ಬೇರೆ ಕಾರಣವನ್ನು ಅರಸಬೇಕಾಗಿಲ್ಲ.

ವಿದ್ಯುತ್ತಿನ ದರವನ್ನು ರಾಜ್ಯದ ಆಯೋಗವೊಂದು ಸಾರ್ವಜನಿಕ ವಿಚಾರಣೆ ನಡೆಸಿ ನಿಶ್ಚಯಿಸುವಂತೆ ಮನೆಯ ಅನಿಲದ ಚಿಲ್ಲರೆ ದರವನ್ನು ಯಾವ ಆಯೋಗವೂ ನಿಶ್ಚಯಿಸುವುದಿಲ್ಲ. ಅದನ್ನು ಸಾರುವುದು ಕಂಪನಿಯೇ. ಮಂಡಳಿಯು ಕಂಪನಿಗೆ ಜಾಲದ ಮೇಲೆ 25 ವರ್ಷಗಳ ಏಕಸ್ವಾಮ್ಯವನ್ನೂ, ಒಂಬತ್ತನೆಯ ಸುತ್ತಿನಲ್ಲಿ ಮಾರಾಟದ ಮೇಲೆ 8 ವರ್ಷಗಳ ಏಕಸ್ವಾಮ್ಯವನ್ನೂ ಕೊಟ್ಟಿತು. ಅವಧಿಯ ಮೊದಲ ಭಾಗದಲ್ಲಿ ಕಂಪನಿಯನ್ನು ಅಂಕೆಯಲ್ಲಿಡುವ ಶಕ್ತಿ ಪಕ್ಕದಲ್ಲಿ ನಿಂತಿರುವ ಸಿಲಿಂಡರು ಮಾತ್ರ. ದರವು ಬಿಲ್ಲಿನ ಅವಧಿಯ ನಡುವೆ ಬದಲಾದರೆ ಬಳಕೆಯನ್ನು ದಿನಗಳ ಲೆಕ್ಕದಲ್ಲಿ ವಿಭಾಗಿಸಿ ಎರಡು ಸಾಲುಗಳಲ್ಲಿ ತೋರಿಸುವುದು ರೂಢಿ: ಅರವತ್ತು ದಿನಗಳಲ್ಲಿ ಇಪ್ಪತ್ತು ದಿನ ಹಳೆಯ ದರವಿದ್ದರೆ ಬಳಕೆಯ ಮೂರನೆಯ ಒಂದು ಪಾಲಿಗೆ ಹಳೆಯ ದರ. ಒಂದೇ ಬಿಲ್ಲಿನಲ್ಲಿ ಎರಡು ದರಗಳನ್ನು ಕಂಡು ಎರಡು ಸಲ ಹಣ ಕೇಳಿದರೆಂದು ಗಾಬರಿಯಾಗಬೇಕಾದದ್ದಿಲ್ಲ.

ತೆರಿಗೆಯ ವಿಷಯದಲ್ಲಿ ಒಂದು ವಿಚಿತ್ರವಿದೆ. 2017ರ ಜುಲೈ 1ರಂದು ಸರಕು ಸೇವಾ ತೆರಿಗೆ ಜಾರಿಗೆ ಬಂದಾಗ ಕಚ್ಚಾತೈಲ, ಪೆಟ್ರೋಲು, ಡೀಸೆಲು, ವಿಮಾನದ ಇಂಧನಗಳೊಡನೆ ನೈಸರ್ಗಿಕ ಅನಿಲವೂ ಅದರ ಹೊರಗುಳಿಯಿತು; ಸಿಲಿಂಡರಿನ ಎಲ್‌ಪಿಜಿ ಒಳಸೇರಿತು. ಆದ್ದರಿಂದ ಒಂದೇ ಒಲೆಯ ಎರಡು ಇಂಧನಗಳಿಗೆ ಎರಡು ತೆರಿಗೆಯ ಕಾನೂನುಗಳು: ಸಿಲಿಂಡರಿಗೆ ಸರಕು ಸೇವಾ ತೆರಿಗೆ, ಕೊಳವೆಯ ಅನಿಲಕ್ಕೆ ರಾಜ್ಯದ ಮೌಲ್ಯವರ್ಧಿತ ತೆರಿಗೆ. ಅಷ್ಟೇ ಆಗಿದ್ದರೆ ಸರಳವಾಗಿತ್ತು. ಆದರೆ ಅದೇ ಕೊಳವೆಯ ಬಿಲ್ಲಿನಲ್ಲಿರುವ ಬಾಡಿಗೆ, ಮರುಸಂಪರ್ಕ, ಹೆಚ್ಚುವರಿ ಕೊಳವೆಯ ಕೆಲಸ ಮೊದಲಾದ ಸೇವಾಶುಲ್ಕಗಳಿಗೆ ಶೇಕಡಾ 18ರ ಸರಕು ಸೇವಾ ತೆರಿಗೆ ಬೀಳುತ್ತದೆ. ಮೊದಲಿನ ಉದಾಹರಣೆಗೇ ಮರಳಿದರೆ, ಅನಿಲದ ಬೆಲೆ 1326.40, ಮೌಲ್ಯವರ್ಧಿತ ತೆರಿಗೆ ಶೇಕಡಾ 5 ಎಂದು ಭಾವಿಸಿದರೆ 66.32, ಸ್ಥಿರಶುಲ್ಕ 60 ರೂಪಾಯಿಯೆಂದಾದರೆ ಅದರ ಮೇಲಿನ ತೆರಿಗೆ 10.80, ಒಟ್ಟು 1463.52 ರೂಪಾಯಿ. ಕಂಪನಿಯು ತಾನು ಕೊಂಡ ಕೊಳವೆಗಳಿಗೆ, ಯಂತ್ರಗಳಿಗೆ ತೆತ್ತ ಸರಕು ಸೇವಾ ತೆರಿಗೆಯನ್ನು ಅನಿಲದ ಮಾರಾಟದ ತೆರಿಗೆಯೊಡನೆ ವಜಾ ಮಾಡಿಕೊಳ್ಳುವಂತಿಲ್ಲವಾದ್ದರಿಂದ ಅದೂ ಕಡೆಗೆ ದರದೊಳಗೆ ಸೇರಿ, ಯಾವ ಸಾಲಿನಲ್ಲಿಯೂ ಹೆಸರಿಲ್ಲದೆ ಗೃಹಸ್ಥನನ್ನೇ ತಲುಪುತ್ತದೆ.

ಸ್ಥಿರಶುಲ್ಕವನ್ನು ಕನಿಷ್ಠ ಶುಲ್ಕದಿಂದ ಬೇರ್ಪಡಿಸಿ ತಿಳಿಯುವುದು ಅವಶ್ಯ. ಸ್ಥಿರಶುಲ್ಕವು ಬಳಕೆಯ ಮೇಲೆ ಕೂಡಿಸುವಂಥದು. ಕನಿಷ್ಠ ಶುಲ್ಕವಾದರೋ ಬಳಕೆಯು ನಿಗದಿತ ಮಟ್ಟಕ್ಕಿಂತ ಕೆಳಗಿಳಿದಾಗ ಮಾತ್ರ ಬಳಕೆಯ ಬೆಲೆಯ ಸ್ಥಾನವನ್ನು ತಾನು ಆಕ್ರಮಿಸುವಂಥದು. ಬೇಸಗೆಯ ರಜೆಗೆ ಮನೆಗೆ ಬೀಗ ಹಾಕಿ ಊರಿಗೆ ಹೋದವರಿಗೆ ಎದುರಾಗುವುದು ಇದೇ. ಮೊದಲ ಬಿಲ್ಲಿನಲ್ಲಿ ಒಂದೇ ಸಲ ಬರುವ ಬಾಬುಗಳೂ ಇರಬಹುದು: ನಿಗದಿತ ಉದ್ದಕ್ಕಿಂತ ಹೆಚ್ಚಾಗಿ ಎಳೆದ ಕೊಳವೆಯ ಬೆಲೆ, ಒಲೆಯ ಪರಿವರ್ತನೆಯ ಖರ್ಚು. ಸಿಲಿಂಡರಿನ ಒಲೆಗೆ ಕೊಳವೆಯ ಅನಿಲವನ್ನು ಹಾಗೆಯೇ ಜೋಡಿಸಿದರೆ ಉರಿ ಏಳುವುದಿಲ್ಲ. ನೈಸರ್ಗಿಕ ಅನಿಲವು ಹಗುರವಾದದ್ದೂ ಕಡಮೆ ಒತ್ತಡದಲ್ಲಿ ಬರುವಂಥದೂ ಆಗಿರುವುದರಿಂದ ಬರ್ನರಿನ ಕೆಳಗಿನ ಜೆಟ್ಟಿನ ರಂಧ್ರ ದೊಡ್ಡದಾಗಬೇಕು. ಸಂಪರ್ಕ ಪಡೆಯುವಾಗ ಕಂಪನಿಯಲ್ಲಿ ಇಡುವ ಠೇವಣಿಯಾದರೋ ಖರ್ಚಲ್ಲ, ಮರಳಿಬರಬೇಕಾದ ಹಣ. ಕಂಪನಿಗಳು ಇದನ್ನು ಕಂತುಗಳಾಗಿ ಮಾಡಿ ಪ್ರತಿ ಬಿಲ್ಲಿನಲ್ಲಿಯೂ ವಸೂಲು ಮಾಡುವ ಯೋಜನೆಗಳನ್ನಿಟ್ಟಿರುವಾಗ ಗ್ರಾಹಕನು ಆ ಸಾಲನ್ನು ಅನಿಲದ ಖರ್ಚಿನೊಡನೆ ಕೂಡಿಸಿ ಅನಿಲವೇ ದುಬಾರಿಯೆಂದು ಭಾವಿಸುವುದು ಸಹಜ. ರಸೀದಿಗಳನ್ನು ಜೋಪಾನವಾಗಿಡುವುದು ಇಲ್ಲಿ ಮುಖ್ಯ.

ಮೀಟರು ಓದುವವನು ಬಂದಾಗ ಮನೆಗೆ ಬೀಗವಿದ್ದರೆ ಹಿಂದಿನ ಸರಾಸರಿಯ ಮೇಲೆ ಅಂದಾಜು ಬಿಲ್ಲನ್ನು ಮಾಡುತ್ತಾರೆ. ಮುಂದಿನ ನಿಜವಾದ ಓದಿನಲ್ಲಿ ಈ ಅಂದಾಜು ಸರಿಹೋಗಬೇಕು, ಸಾಮಾನ್ಯವಾಗಿ ಹೋಗುತ್ತದೆ. ಎರಡು ಮೂರು ಬಿಲ್ಲುಗಳು ಒಂದರ ಮೇಲೊಂದು ಅಂದಾಜಿನವೇ ಆದಾಗ ಮಾತ್ರ ಬಾಕಿ ಬೆಳೆದು ಒಮ್ಮೆಲೇ ತಲೆಯ ಮೇಲೆ ಬೀಳುತ್ತದೆ; ಮೀಟರಿನ ಚಿತ್ರವನ್ನು ಮೊಬೈಲಿನಿಂದ ತೆಗೆದು ತಾರೀಖಿನೊಡನೆ ಕಂಪನಿಗೆ ಕಳುಹಿಸುವುದರಿಂದ ಇದು ನಿವಾರಣೆಯಾಗುತ್ತದೆ.

ಕುದಾಪುರದ ಪ್ರಸ್ತಾಪದಲ್ಲಿ ಬಿಡಬಾರದ ಸಂಗತಿ ಇನ್ನೊಂದುಂಟು. ಅಲ್ಲಿ ಆವರಣವನ್ನು ಸ್ಥಾಪಿಸಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ನೇತೃತ್ವದಲ್ಲಿ ಅಸ್ತ್ರ ಎಂಬ ಗ್ರಾಮತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಹೊಗೆ ಕಡಮೆ ಮಾಡುವ ಅಸ್ತ್ರ ಒಲೆ ಅದರ ಪ್ರಸಿದ್ಧವಾದ ಕೊಡುಗೆ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಈ ಕೇಂದ್ರವು ಊರಿಗೆಲ್ಲ ಸೇರಿದ ಗೋಬರ್ ಗ್ಯಾಸ್ ಸ್ಥಾವರವನ್ನು ಕಟ್ಟಿತು. ಮೊದಲಿನ ಆಶಯ ಮನೆಮನೆಯ ಅಡುಗೆಗೆ ಅನಿಲವನ್ನು ಕೊಡುವುದಾಗಿತ್ತು. ಊರಿನ ಸಗಣಿಯೆಲ್ಲವನ್ನೂ ಕೂಡಿಸಿದರೂ ಎಲ್ಲರ ಅಡುಗೆಗೆ ಸಾಲದೆಂದು ಕಂಡುಬಂದಾಗ ಆ ಅನಿಲದಿಂದ ಎಂಜಿನನ್ನು ನಡೆಸಿ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸುವ ಮಾರ್ಗವನ್ನು ಹಿಡಿದರು. ಅಲ್ಲಿಯ ಲೆಕ್ಕಪದ್ಧತಿ ಗಮನಾರ್ಹವಾದದ್ದು: ಸಗಣಿಯನ್ನು ತೂಕ ಮಾಡಿಸಿ ತಂದುಕೊಟ್ಟ ಮನೆಯವರಿಗೆ ಸಣ್ಣ ಮೊತ್ತ ಸಲ್ಲುತ್ತಿತ್ತು, ಅನಿಲ ಹೊರಟ ಮೇಲೆ ಉಳಿದ ಗಸಿಯು ಗೊಬ್ಬರವಾಗಿ ಅವರಿಗೇ ಮರಳುತ್ತಿತ್ತು, ದೀಪಕ್ಕೂ ನಲ್ಲಿಗೂ ಅವರು ಪ್ರತ್ಯೇಕವಾಗಿ ಹಣ ತೆರುತ್ತಿದ್ದರು. ಒಂದೇ ಮನೆ ಸರಕಿನ ಸರಬರಾಜುದಾರನೂ ಆಗಿ ಗ್ರಾಹಕನೂ ಆಗಿದ್ದ ಇಂಥ ಬಿಲ್ಲು ಯಾವ ಕಂಪನಿಯ ಪುಸ್ತಕದಲ್ಲಿಯೂ ದೊರೆಯಲಾರದು.

ಸಗಣಿಯ ಅನಿಲದಲ್ಲಿ ಮೀಥೇನ್ ಸುಮಾರು ಶೇಕಡಾ 60; ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಹಾಗಾಗಿ ಅದೇ ಗಾತ್ರದ ನೈಸರ್ಗಿಕ ಅನಿಲಕ್ಕೆ ಹೋಲಿಸಿದರೆ ಅದರ ಉಷ್ಣ ಅರ್ಧಕ್ಕಿಂತ ಸ್ವಲ್ಪ ಮೇಲು. ಇಂಗಾಲದ ಡೈಆಕ್ಸೈಡನ್ನು ತೆಗೆದು ಶುದ್ಧೀಕರಿಸಿದ ಜೈವಿಕ ಅನಿಲವನ್ನು ನಗರ ಅನಿಲ ಕಂಪನಿಗಳು ತಮ್ಮ ಸರಬರಾಜಿನಲ್ಲಿ ಕಡ್ಡಾಯವಾಗಿ ಸೇರಿಸಬೇಕೆಂದು ಕೇಂದ್ರ ಸರಕಾರವು 2023ರ ನವೆಂಬರಿನಲ್ಲಿ ನಿಶ್ಚಯಿಸಿತು: 2025-26ರಲ್ಲಿ ಶೇಕಡಾ 1, ಮರುವರ್ಷ 3, ಅದರ ಮರುವರ್ಷ 4, 2028-29ರಿಂದ 5. ಅಮೃತಮಹಲಿನ ಕಾವಲುಗಳ ಸೀಮೆಗೆ ಸಗಣಿಯ ಅನಿಲವು ಹೊಸ ಪರಿಚಯವೇನೂ ಅಲ್ಲ. ಅದು ಕಂಪನಿಯ ಕೊಳವೆಯೊಳಗೆ ಬಂದು ಎಸ್‌ಸಿಎಂ ಲೆಕ್ಕದಲ್ಲಿ ಮಾರಾಟವಾಗುವುದು ಮಾತ್ರ ಹೊಸದು.

ಮನೆಯನ್ನು ಬದಲಿಸುವವರು ಪಡೆಯಬೇಕಾದ ಕೊನೆಯ ಬಿಲ್ಲಿಗೆ ಅಂತಿಮ ಲೆಕ್ಕವೆಂದು ಹೆಸರು. ಅರ್ಜಿ ಕೊಟ್ಟ ಮೇಲೆ ಕಂಪನಿಯವರು ಬಂದು ಕೊನೆಯ ಓದನ್ನು ಬರೆದುಕೊಂಡು, ಮೀಟರನ್ನು ಬಿಚ್ಚಿ, ಕೊಳವೆಯ ತುದಿಯನ್ನು ಮುಚ್ಚುತ್ತಾರೆ; ಅಲ್ಲಿಯವರೆಗಿನ ಬಳಕೆಯನ್ನೂ ಬಾಕಿಯನ್ನೂ ಠೇವಣಿಯಲ್ಲಿ ಮುರಿದುಕೊಂಡು ಉಳಿದದ್ದನ್ನು ಸಂಪರ್ಕ ಯಾರ ಹೆಸರಿನಲ್ಲಿತ್ತೋ ಅವರ ಖಾತೆಗೆ ಕಳುಹಿಸುತ್ತಾರೆ. ಬಾಡಿಗೆಯ ಮನೆಯಲ್ಲಿ ಸಂಪರ್ಕವು ಮಾಲೀಕನ ಹೆಸರಿನಲ್ಲಿದ್ದು ಠೇವಣಿಯನ್ನು ಬಾಡಿಗೆದಾರನು ಕಟ್ಟಿದ್ದರೆ ಈ ಹಣ ಮಾಲೀಕನಿಗೇ ಹೋಗುವುದರಿಂದ, ಇಬ್ಬರೂ ಇದನ್ನು ಮೊದಲೇ ಬಾಡಿಗೆಯ ಕರಾರಿನಲ್ಲಿ ಬರೆದುಕೊಳ್ಳುವುದು ಲೇಸು.